ಕಿರಣ ನಿಂತ ಜಾಗ

ಫಿಸಿಕ್ಸ್ ಎಂಎಸ್ಸಿ ಮುಗಿಸಿದರೂ ನಾಲ್ಕು ಜನರೆದುರು ತನಗೆ ಬಾಯೇ ಬರುವುದಿಲ್ಲವಲ್ಲ ಎಂದು ವಿನುತಾ ಆ ಬೆಳಿಗ್ಗೆಯೂ ಡೈರಿಯಲ್ಲಿ ಬರೆದುಕೊಂಡಿದ್ದಳು. ತಿಪಟೂರಿನಿಂದ ತುರುವೇಕೆರೆಗೆ ಹೊರಟ ಬಸ್ಸಿನಲ್ಲಿ ಅವಳ ಮುಂದಿನ ಸೀಟಿಗೆ ಅತ್ತೆ ಸೊಸೆ ಬಂದು ಕೂತರು. ಸೊಸೆಯ ಮಡಿಲಲ್ಲಿದ್ದ ಮಗು ಅಜ್ಜಿಯತ್ತ ಕೈಚಾಚಿ ಹಟ ಮಾಡುತ್ತಿತ್ತು.

“ಕೊಡೇ ಜ್ಯೋತಿ, ಎತ್ಕೊತೀನಿ. ಮಗೀನ ಮುಟ್ಟಿ ತಿಂಗ್ಳಾಯ್ತು.”

“ಬ್ಯಾಡ ಅತ್ತೆ. ಚೆನ್ನೈನಲ್ಲಿ ನಿಮ್ ಎದೆಗೆ ಬಿಟ್ಟ ಕಿರಣ ಮಗೀಗೆ ತಗಲ್ತೈತೆ.”

“ಅಯ್ಯೋ, ಅದು ಪ್ರೋಟಾನ್ ಕಣೇ! ಕ್ಯಾನ್ಸರ್ ಗಂಟು ತೆಗ್ದ ತಾವ್ಲೇ ನಿಂತ್ಕೊತೈತೆ, ಹಿಂದಿರೋ ಗುಂಡಿಗೇಗೆ ಹೋಗಕಿಲ್ಲ ಅಂದ್ರು ಡಾಕ್ಟ್ರು. ನಮ್ ತೋಟದ ಲಕ್ಕಯ್ಯ ಕರಟ ಒಡೆದ್ರೆ ಒಳಗಿನ ಕೊಬ್ಬರಿಗೆ ಕತ್ತಿ ತಗಲ್ತದಾ? ಹಂಗೆ.”

“ನಿಂತ್ಕೊತೈತೆ ಅಂತ ನೀವೇ ಅಂದ್ರಲ್ಲ! ನಿಂತಿದ್ದು ಇನ್ನೆಲ್ಲಿಗೆ ಹೋಯ್ತದೆ? ಅಲ್ಲೇ ಐತೆ.”

ಅತ್ತೆ ಚಾಚಿದ್ದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ಮಗು ಅಳತೊಡಗಿತು.

“ಹಂಗಾದ್ರೆ ಇನ್ನೆಷ್ಟು ದಿನ ಮುಟ್ಟಂಗಿಲ್ವೇನೇ?”

“ನಂಗೇನ್ ಗೊತ್ತು? ನಡೀರಿ, ಊರು ಬಂತು.”

ಇಬ್ಬರೂ ಎದ್ದು ಬಾಗಿಲಿಗೆ ಹೋದರು. ವಿನುತಾ ಸೀಟಿನಿಂದ ಎದ್ದು ನಿಂತಳು. ಕಂಡಕ್ಟರ್ ಸೀಟಿ ಊದುವ ಮುನ್ನ, ಇಡೀ ಬಸ್ಸಿಗೆ ಕೇಳುವಂತೆ ಅವಳು ಕೂಗಿದಳು:

“ಅಕ್ಕಾ, ಆ ಕಿರಣ ನಿಂತಲ್ಲೇ ಮುಗಿದುಹೋಗುತ್ತೆ, ಮೈಯಲ್ಲಿ ಉಳಿಯಲ್ಲ. ಮಗೂನ ಅಜ್ಜಿ ಕೈಗೆ ಕೊಡಿ!”