ಬಸ್ರಾ ಹೋಟೆಲಿನಲ್ಲಿ ಹಿಡಿದಿಟ್ಟ ಸೀಟು

ಲಂಡನ್ನಿನ ಮಳೆಯನ್ನು ಮಳೆ ಎಂದು ಕರೆಯಲು ಕಲ್ಯಾಣಿಬಾಯಿಗೆ ಇಷ್ಟು ವರ್ಷವಾದರೂ ಮನಸ್ಸು ಬಂದಿರಲಿಲ್ಲ. ಸುರಿಯುವ ಧೈರ್ಯವಿಲ್ಲ, ನಿಲ್ಲುವ ಮರ್ಯಾದೆಯಿಲ್ಲ, ಇದೂ ಒಂದು ಮಳೆಯೇ ಎನ್ನುತ್ತಿದ್ದರು. ಆದರೆ ಆ ಶನಿವಾರ ಸಂಜೆ ಕೆಂಟನ್ ಬಡಾವಣೆಯ ಮೇಲೆ ಬಿದ್ದದ್ದು ಅವರೂ ಒಪ್ಪುವಂಥ ಮಳೆ. ಊಟ ಮುಗಿದರೂ ಯಾರೂ ಏಳುವಂತಿರಲಿಲ್ಲ. ಮನೆ ಅವರ ತಂಗಿಯ ಮಗಳು ಸ್ಮೃತಿಯದು. ಸ್ಮೃತಿ, ಅವಳ ಗಂಡ ವರುಣ್, ಊಟಕ್ಕೆ ಬಂದ ಮಧುಸೂದನ್, ಅವನ ಹೆಂಡತಿ ಪ್ರಾಚಿ, ನಾಲ್ವರೂ ಮುಂದಿನ ಕೋಣೆಯಲ್ಲಿ ಕಾಲು ಮಡಚಿ ಕೂತಿದ್ದರು. ಕಲ್ಯಾಣಿಬಾಯಿ ಒಂಟಿ ಸೋಫಾದಲ್ಲಿ ಶಾಲು ಹೊದ್ದು, ಯಾರ ಮಾತೂ ತಮಗೆ ಬೇಕಿಲ್ಲ ಎಂಬಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮಾತೆಲ್ಲ ಮಧುಸೂದನನದೇ. ಬೆಂಗಳೂರಿನಿಂದ ಕೆಲಸದ ವೀಸಾದ ಮೇಲೆ ಬಂದವನು, ಈಗ ವೆಂಬ್ಲಿಯ ಸ್ಟೇಡಿಯಂ ಪಕ್ಕದ ಹೊಸ ಫ್ಲಾಟಿನಲ್ಲಿದ್ದ. ಅವನಿಗೆ ಲಾಸ್ ವೇಗಸ್ಸಿನ ಹಳೆಯ ಜೂಜಿನ ಹೋಟೆಲುಗಳ ಹುಚ್ಚು ಹಿಡಿದಿತ್ತು. ಈ ವರ್ಷವೇ ಎರಡು ಸಲ ಹೋಗಿಬಂದಿದ್ದ, ಮುಂದಿನ ತಿಂಗಳು ಮತ್ತೆ ಹೊರಟಿದ್ದ. ಈ ಸಲ ಜೊತೆಗೆ ವರುಣನೂ ಬರಲೇಬೇಕು ಎಂದು ಗಂಟುಬಿದ್ದಿದ್ದ. ಟೀವಿಯ ಮೇಲೆ ಒಂದೊಂದೇ ಹೋಟೆಲಿನ ಹಳೆಯ ಚಿತ್ರ ತೋರಿಸಿ, ಇದು ವಿಂಟೇಜ್, ಅದು ಗೋಲ್ಡನ್ ಏಜ್ ಎನ್ನುತ್ತಿದ್ದ. ನಿನ್ನೆಯ ಉಪ್ಪಿಟ್ಟು ಬಿಸಿಮಾಡಿ ಬಡಿಸಿದವರನ್ನು ನೋಡುವ ಹಾಗೆ ಕಲ್ಯಾಣಿಬಾಯಿ ಅವನನ್ನು ನೋಡುತ್ತಿದ್ದರು.

ಆಗ ಪರದೆಯ ಮೇಲೆ ದೊಡ್ಡದೊಂದು ಒಂಟೆ ಬಂತು. ಬಸ್ರಾ ಹೋಟೆಲು ಇದು, ಈಗಿಲ್ಲ, ಆದರೆ ಅದೇ ಜಾಗದಲ್ಲಿ ಎದ್ದಿರುವ ಹೊಸ ಗಾಜಿನ ಕಟ್ಟಡದಲ್ಲಿ ಹಳೆಯ ಜೂಜಿನ ಮಷೀನುಗಳಿಗಾಗಿಯೇ ಒಂದು ಮೂಲೆ ಮಾಡಿಟ್ಟಿದ್ದಾರೆ, ತಾನು ಇಳಿದುಕೊಳ್ಳುವುದು ಅಲ್ಲೇ ಎಂದ ಮಧುಸೂದನ್. ಸ್ಮೃತಿ ತಟ್ಟನೆ ರಿಮೋಟಿಗೆ ಕೈ ಹಾಕಿದಳು. ಆ ಹೋಟೆಲಿನ ಹೆಸರನ್ನು ಅವರ ಮನೆಗಳಲ್ಲಿ ಯಾರೂ ಎತ್ತುತ್ತಿರಲಿಲ್ಲ. ಕಲ್ಯಾಣಿಬಾಯಿಯ ಗಂಡ, ಮೂಳೆ ಡಾಕ್ಟರು ಮುಕುಂದರಾಯರು, ತೀರಿಕೊಂಡದ್ದು ಅದೇ ಜಾಗದಲ್ಲಿ.

"ಇರ್ಲಿ ಬಿಡು" ಎಂದರು ಕಲ್ಯಾಣಿಬಾಯಿ. "ಗೋಲ್ಡನ್ ಏಜ್ ಅಂತ ಅಂದ್ಯಲ್ಲಪಾ, ಬಂಗಾರ ಎಲ್ಲಿತ್ತು ಅಲ್ಲೆ? ಉಸುಕಿನಾಗ ಉಸುಕು. ನಾ ಹೇಳ್ತೀನಿ ಕೇಳ್ರಿ. ನಡುವ ಬಾಯಿ ಹಾಕಬ್ಯಾಡ್ರಿ."

ಬಸ್ರಾ ಹುಟ್ಟಿದ್ದು ಐವತ್ತರ ದಶಕದಲ್ಲಂತೆ. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದವರು ಊರಲ್ಲಿ ಉಳಿಯುತ್ತಿರಲಿಲ್ಲವಂತೆ. ಬಾಗಿಲಲ್ಲಿ ಜಿಪ್ಸಂ ಒಂಟೆ, ಅದರ ಕಣ್ಣಿಗೆ ಮಿಣುಕುವ ದೀಪ. ಆ ಕಾಲದಲ್ಲಿ ಮರುಭೂಮಿಯ ಅಂಚಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿದ್ದರು, ಹೋಟೆಲಿನವರು ಗಿರಾಕಿಗಳ ಕೈಗೆ ಗ್ಲಾಸು ಕೊಟ್ಟು ಮಾಳಿಗೆಗೆ ಕರೆದೊಯ್ದು ಅದನ್ನೇ ತಮಾಷೆಯಾಗಿ ತೋರಿಸುತ್ತಿದ್ದರು. ಕರಿಯರ ಹಾಡು ಬೇಕಿತ್ತು, ಹಾಡಿದವರು ಬೇಕಿರಲಿಲ್ಲ. ವೇದಿಕೆ ಇಳಿದೊಡನೆ ಅಡಿಗೆಮನೆಯ ಬಾಗಿಲಿನಿಂದ ಹೊರಗೆ, ಮಲಗಲು ಊರಾಚೆ. ನಮ್ಮೂರಲ್ಲೂ ಇಂಥದ್ದು ಇತ್ತು, ಆದರೆ ನಾವು ಅದಕ್ಕೆ ಟಿಕೆಟ್ ಇಟ್ಟಿರಲಿಲ್ಲ ಎಂದರು ಕಲ್ಯಾಣಿಬಾಯಿ. ಗೋಡೆಯ ಮೇಲೆ ಗಡಿಯಾರವಿಲ್ಲ, ಎಲ್ಲೂ ಕಿಟಕಿಯಿಲ್ಲ, ನೆಲದ ಮೇಲಂತೂ ಎಂಥ ಕಾರ್ಪೆಟ್ಟೆಂದರೆ ತಲೆ ತಗ್ಗಿಸಲು ಹೇಸಿ ಮನುಷ್ಯ ಮಷೀನನ್ನೇ ನೋಡಬೇಕು. ಗಂಡ ಹೆಂಡತಿ ಇಬ್ಬರೂ ಎಂಬತ್ತರ ದಶಕದಲ್ಲಿ ಡಾಕ್ಟರುಗಳ ಸಮ್ಮೇಳನಕ್ಕೆಂದು ಹೋದಾಗ ಒಂಟೆಯ ಒಂದು ಕಣ್ಣು ಕೆಟ್ಟುಹೋಗಿತ್ತು, ಹಾಸಿಗೆಯಲ್ಲಿ ಸಿಗರೇಟಿನ ವಾಸನೆ ಬರುತ್ತಿತ್ತು. ಅದಕ್ಕೆ ಆಗ ಯಾರೂ ವಿಂಟೇಜ್ ಎನ್ನುತ್ತಿರಲಿಲ್ಲ. ಹಾಳು ಹೋಟೆಲು ಎನ್ನುತ್ತಿದ್ದರು.

"ಊಟದ ಹಾಲ್‌ಗೆ ಹೋಗ್ಬೇಕಂದ್ರ ಮಷೀನಿನ ನಡುವನ ಹಾದು ಹೋಗ್ಬೇಕು... ಹಂಗ ಕಟ್ಟಿರ್ತಾರ ಭಾಡ್ಯಾಗೋಳು. ನಮ್ಮ ಮನಿಯವರು ಇಸ್ಪೀಟ್ ಎಲಿ ಸೈತ ಮುಟ್ಟಿದವರಲ್ಲ. ಕಡೀ ಸಾಲಿನಾಗ ಒಬ್ಬಾಕಿ ಮುದುಕಿ ಕೂತಿದ್ಲು. ಹಸರು ಕೋಟು, ಒಂದ ಕೈಗೆ ಗ್ಲೌಸು. ಇವರನ್ನ ನೋಡಿ ಎದ್ಲು. ಎರಡ ನಿಮಿಷ ನನ್ನ ಜಾಗ ನೋಡ್ಕೋತೀರೇನು, ಈಗ ಬಂದೆ, ಅಂದ್ಲು. ನನ್ನ ಕೇಳಿದ್ರ ನಾ ಏನಂತಿದ್ದೆ? ಆಗಂಗಿಲ್ಲ ಅಂತಿದ್ದೆ. ಆದ್ರ ಆಕಿ ನನ್ನ ಕಡೆ ನೋಡ್ಲಿಲ್ಲ... ಇಲ್ಲ ಅನ್ಲಿಕ್ಕೆ ಯಾರಿಗೆ ಬರಂಗಿಲ್ಲ ಅನ್ನೋದು ಇಂಥಾವ್ರಿಗೆ ವಾಸನಿ ಹತ್ತತದ."

ಆ ಊರಿನ ಜೂಜುಕೋರರು ಎದ್ದುಹೋಗುವಾಗ ಕುರ್ಚಿಯನ್ನು ಮಷೀನಿಗೆ ಓರೆಯಾಗಿ ಒರಗಿಸುತ್ತಾರೆ, ಇಲ್ಲವೇ ಹಿಡಿಗೆ ಒಂದು ಲೋಟ ಬೋರಲು ಹಾಕುತ್ತಾರೆ. ಅದು ಅವರ ಗುರುತು. ಮುಕುಂದರಾಯರಿಗೆ ಅದೆಲ್ಲ ಏನು ಗೊತ್ತು? ಹುಬ್ಬಳ್ಳಿಯ ಬಸ್ಸಿನಲ್ಲಿ ಸೀಟು ಹಿಡಿದು ಬೆಳೆದವರು. ಜೇಬಿನಿಂದ ಕರ್ಚೀಫು ತೆಗೆದು ಕುರ್ಚಿಯ ಮೇಲೆ ಹಾಸಿ, ಪಕ್ಕದಲ್ಲಿ ಕೈಕಟ್ಟಿ ನಿಂತರು. ಮುದುಕಿ ಬರಲಿಲ್ಲ. ಕಲ್ಯಾಣಿಬಾಯಿ ಒಬ್ಬರೇ ಹೋಗಿ ಉಂಡು ಬಂದರು, ಆಗಲೂ ಬಂದಿರಲಿಲ್ಲ. ಪಾನೀಯ ಹಂಚುವವಳು ಒಬ್ಬಳು ಅವರನ್ನು ನೋಡಿ ನಕ್ಕಳಂತೆ. ಹಸಿರು ಕೋಟಿನವಳಾ? ಅವಳು ಇದೇ ಕುರ್ಚಿಯಲ್ಲಿ ಸತ್ತು ಎಷ್ಟೋ ಕಾಲವಾಯಿತು. ಈಗ ಅವಳು ಬಿಡುಗಡೆಯಾದಳು, ಸೀಟು ನಿಮ್ಮದು. ಇನ್ನೊಬ್ಬರನ್ನು ಕೇಳಿ, ಅವರು ಹೂಂ ಎಂದರೆ ನೀವು ಏಳಬಹುದು ಎಂದು ಹೇಳಿ ಟ್ರೇ ಹಿಡಿದು ನಡೆದಳಂತೆ.

"ಹಂಗಿದ್ರ ಯಾರನ್ನರ ಕೇಳ್ರಿ, ಬಿಟ್ಟು ಹೋಗೋಣು, ಅಂದೆ ನಾ. ಅಲ್ಲೇನು ಮಂದಿ ಕಡಿಮಿ ಇದ್ರೇನು? ಇವರು ಏನಂದ್ರ ಗೊತ್ತದೇನು? ಗುರುತಿಲ್ಲದವರನ್ನ ಹೆಂಗ ಕೇಳ್ಲಿ ಕಲ್ಯಾಣಿ, ಅಂದ್ರು... ದೇವರಂಥಾ ಮನಷ್ಯಾ."

ಗಂಡನ ಕೈಹಿಡಿದು ಎಳೆದುಕೊಂಡೇ ಬಂದರಂತೆ ಲಂಡನ್ನಿಗೆ. ಆದರೆ ಬಂದದ್ದು ದೇಹ ಮಾತ್ರ. ಆಸ್ಪತ್ರೆಗೆ ಹೋಗುತ್ತಿದ್ದರು, ಮುರಿದ ಕೈಕಾಲು ಜೋಡಿಸುತ್ತಿದ್ದರು, ವರ್ಷ ತಿರುಗಿದೊಡನೆ ಟಿಕೆಟ್ ತೆಗೆಸುತ್ತಿದ್ದರು. ಎರಡು ನಿಮಿಷ ಹೋಗಿ ಬರುತ್ತೇನೆ ಎಂದೇ ಹೇಳುತ್ತಿದ್ದರು. ಆಮೇಲೆ ಒಂದು ದಿನ ಬಸ್ರಾವನ್ನು ಮದ್ದಿಟ್ಟು ಕೆಡವಿದ್ದನ್ನು ಟೀವಿಯಲ್ಲಿ ತೋರಿಸಿದರು. ಪಟಾಕಿ, ಬ್ಯಾಂಡು, ಸುತ್ತಲಿನ ಮಾಳಿಗೆಗಳ ಮೇಲೆ ಮತ್ತೆ ಗ್ಲಾಸು ಹಿಡಿದ ಜನ, ಎಲ್ಲರೂ ಸೇರಿ ಹತ್ತರಿಂದ ಹಿಂದಕ್ಕೆ ಎಣಿಕೆ. ತಾವೇ ಕಟ್ಟಿದ ಮನೆ ಬೀಳುವುದನ್ನು ನೋಡಿ ಕುಣಿಯುವ ಜನವನ್ನು ಕಲ್ಯಾಣಿಬಾಯಿ ಅಲ್ಲಿಯವರೆಗೆ ಕಂಡಿರಲಿಲ್ಲ. ಹೋಟೆಲು ಹೋದರೆ ಕುರ್ಚಿಯೂ ಹೋಯಿತಲ್ಲ, ಪೀಡೆ ಕಳೆಯಿತು ಎಂದುಕೊಂಡು ಆ ದಿನ ಅವರು ಶಿರಾ ಮಾಡಿದರು. ಮುಕುಂದರಾಯರು ಎರಡು ಸಲ ಹಾಕಿಸಿಕೊಂಡು ತಿಂದರು. ಮುಂದಿನ ವರ್ಷ ಮತ್ತೆ ಟಿಕೆಟ್ ತೆಗೆಸಿದರು.

"ಗಾಜಿನ ಬಿಲ್ಡಿಂಗ್ ಎದ್ದಿತ್ತು. ಅದರಾಗೂ ಅದ ಜಾಗ ಹುಡುಕಿ ಕೂತ್ರು. ಕಟಗಿ ಕುರ್ಚಿ ಆಗಿದ್ರ ಮುರೀತಿತ್ತು... ಕೊಟ್ಟ ಮಾತು ಮುರೀತದೇನು? ಕೂತಲ್ಲೇ ಹೋದ್ರು. ಹೋಟೆಲಿನವರು ಕಾಗದ ಬರದ್ರು, ನಮಗ ಭಾಳ ದುಃಖ ಆಗ್ಯದ ಅಂತ. ಜೋಡಿಗೆ ಒಂದ ರಾತ್ರಿ ಪುಕ್ಕಟ ಇರ್ಲಿಕ್ಕೆ ಕೂಪನ್. ಇದಪಾ ನಿನ್ನ ಗೋಲ್ಡನ್ ಏಜ್."

ಕಲ್ಯಾಣಿಬಾಯಿ ಶಾಲು ಸರಿಮಾಡಿಕೊಂಡರು.

"ಬೂದಿ ತಂದೆ, ಇವರನ್ನ ತರ್ಲಿಕ್ಕೆ ಆಗ್ಲಿಲ್ಲ. ಇನ್ನೂ ಅಲ್ಲೇ ಕೂತಾರ. ಒಬ್ಬರನ್ನ ಕೇಳಿದ್ರ ಸಾಕು, ಎದ್ದು ಮನಿಗೆ ಬರ್ತಾರ. ಆದ್ರ ಕೇಳಂಗಿಲ್ಲ. ಬರ್ಲಿ ಅಂತ ದಿನಾ ಬೇಡ್ಕೋತೀನಿ... ಕೇಳದ ಇರ್ಲಿ ಅಂತನೂ ಬೇಡ್ಕೋತೀನಿ."

ಆಗ ಪ್ರಾಚಿ ಗಂಡನ ಮುಖ ನೋಡಿದಳು, ನೋಡಿ ಅವನ ತೋಳು ಹಿಡಿದಳು.

"ಆಂಟಿ" ಎಂದ ಅವನು. "ಅಂಕಲ್ ಟೈ ಕಟ್ತಿದ್ರಾ?"

ಫೆಬ್ರವರಿಯಲ್ಲಿ ಆಫೀಸಿನ ಕೆಲಸಕ್ಕೆಂದು ಮೊದಲ ಸಲ ಹೋದಾಗ, ಆ ಹಳೆಯ ಮಷೀನುಗಳ ಮೂಲೆಯಲ್ಲಿ ನಿಂತು ಪ್ರಾಚಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದನಂತೆ. ಕಡೆಯ ಕುರ್ಚಿಯಲ್ಲಿದ್ದ, ಟೈ ಕಟ್ಟಿದ್ದ ತೆಳ್ಳನೆಯ ಮುದುಕರೊಬ್ಬರು ಅವನ ಕನ್ನಡ ಕೇಳಿಸಿಕೊಂಡು ತಿರುಗಿದರು, ಬಹಳ ಹೊತ್ತು ಅವನನ್ನೇ ನೋಡಿದರು. ಆಮೇಲೆ ಧಾರವಾಡದ ಕನ್ನಡದಲ್ಲಿ, ಬಹಳ ಸಂಕೋಚದಿಂದ, ಎರಡು ನಿಮಿಷ ಈ ಜಾಗ ನೋಡಿಕೊಳ್ಳುತ್ತೀಯೇನಪ್ಪ ಎಂದರು. ಆ ಊರಿನಲ್ಲಿ ಕನ್ನಡ ಕೇಳಿದ ಖುಷಿಗೆ ಅವನು ಅದಕ್ಕೇನಂತೆ ಅಂಕಲ್, ಹೋಗಿ ಬನ್ನಿ ಎಂದುಬಿಟ್ಟ. ತನ್ನ ಜಾಕೆಟ್ಟನ್ನು ಕುರ್ಚಿಯ ಮೇಲೆ ಹಾಕಿ ಕಾದ. ಅವರು ಬರಲಿಲ್ಲ, ವಿಮಾನ ತಪ್ಪಿತು. ಜೂನ್‌ನಲ್ಲಿ ಮತ್ತೆ ಹೋದದ್ದು ಆಫೀಸಿನ ಕೆಲಸಕ್ಕಲ್ಲ. ಯಾಕೆ ಹೋದೆನೆಂದು ಅವನಿಗೇ ಗೊತ್ತಿರಲಿಲ್ಲ.

ಜಗತ್ತಿನಲ್ಲಿ ಕಲ್ಯಾಣಿಬಾಯಿ ಕೀಳಾಗಿ ಕಾಣದೆ ಬಿಟ್ಟದ್ದು ಒಬ್ಬ ಮನುಷ್ಯನನ್ನು. ಗುರುತಿಲ್ಲದವರನ್ನು ಹೇಗೆ ಕೇಳಲಿ ಎಂದದ್ದನ್ನು ಅವರು ಇಷ್ಟು ಕಾಲ ದೊಡ್ಡತನವೆಂದೇ ತಿಳಿದಿದ್ದರು.

"ನಮ್ಮ ಕಡಿಯಾಂವ ಅಂತ ನಿನ್ನ ಕೇಳ್ಯಾರ" ಎಂದರು ಕೊನೆಗೆ. "ನಮ್ಮವರು ಅಂತ ನೀ ಹೂಂ ಅಂದಿ."

"ಈಗ ನಾನೇನ್ ಮಾಡ್ಲಿ ಆಂಟಿ?"

"ಹೋಗ್ತೀ ನೀ. ಬ್ಯಾಡ ಅಂದ್ರೂ ಹೋಗ್ತೀ. ಆದ್ರ ವರುಣನ್ನ ಜೋಡಿ ಕರಕೊಂಡು ಹೋಗಬ್ಯಾಡ."

ವರುಣ್ ಗೆಳೆಯನ ಕಡೆ ನೋಡಿದ. ಮಧುಸೂದನ್ ತಲೆ ಎತ್ತಲಿಲ್ಲ. ಪ್ರಾಚಿ ಅಳುತ್ತಿದ್ದಳು. ಅಷ್ಟರಲ್ಲಿ ಕಲ್ಯಾಣಿಬಾಯಿ ಎದ್ದು ನಿಂತು ಕೋಟು ಕೇಳಿದರು. ಅವರ ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದ ಒಂದು ಕಳೆ ಬಂದಿತ್ತು, ಅದನ್ನು ಕಂಡು ಸ್ಮೃತಿಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಈ ಮಳೆಯಲ್ಲಿ ಹ್ಯಾರೋದ ನಿನ್ನ ಮನೆಗೆ ಯಾಕೆ ಹೋಗ್ತೀ ಮೌಶಿ, ಇಲ್ಲೇ ಮಲಗು ಎಂದಳು.

"ಫೆಬ್ರವರಿಯಿಂದ ಮ್ಯಾಲಿನ ಕೋಣ್ಯಾಗ ಯಾರೋ ಓಡಾಡಿದಂಗ ಆಗ್ತದ" ಎಂದರು ಕಲ್ಯಾಣಿಬಾಯಿ, ಗುಂಡಿ ಹಾಕಿಕೊಳ್ಳುತ್ತ. "ನಾ ಹುಚ್ಚಿ, ಇಲಿ ಅಂತ ಕೌನ್ಸಿಲ್‌ಗೆ ಫೋನ್ ಮಾಡಿದ್ದೆ. ವರುಣಾ, ಲಗೂನ ಕಾರ್ ತಗಿ. ದೀಪ ಹಚ್ಚದ ಬಂದೇನಿ... ಇವರು ಕತ್ತಲ್ಯಾಗ ಕೂತಿರ್ತಾರ."