ಓಕ್ ಮರದ ಬೇರಿನ ಮೊಳೆ

ದೀಪ ಸಣ್ಣ ಮಾಡಿ. ನಾನು ಹೇಳಿ ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕಬೇಡಿ. ಇದು ನನ್ನ ಚಿಕ್ಕಮ್ಮನ ಮಗ ವಾಲ್ಸಿನ್‌ಗೆ ಆದದ್ದು.

ನಮ್ಮ ಬಾಯು ಎಂಬ ನಿಧಾನದ ಹೊಳೆಯ ದಂಡೆಯ ಕಬ್ಬಿನ ಹೊಲಗಳ ಏರುತಗ್ಗು ಅಳೆದು ನಕ್ಷೆ ಬರೆಯುವುದು ಅವನ ಕೆಲಸ. ಅವನು ದುರ್ಬೀನಿನಲ್ಲಿ ನೋಡುತ್ತಿದ್ದ; ಹೆಂಡತಿಯ ತಮ್ಮ ಒಝೇಮ್ ಅಂಕಿ ಬರೆದ ಉದ್ದನೆಯ ಕೋಲನ್ನು ನೆಟ್ಟಗೆ ಹಿಡಿಯುತ್ತಿದ್ದ. ಓಕ್ ಮರದ ಬೇರಿಗೆ ಹೊಡೆದ ಮೊಳೆಯಿಂದ ಅಳತೆ ಶುರು. ಹೊಲವೆಲ್ಲ ಸುತ್ತಿ ಅದೇ ಮೊಳೆಗೆ ಬಂದು ಮುಗಿಸಬೇಕು. ಅರ್ಧಕ್ಕೆ ಬಿಟ್ಟು ಯಾರೂ ಮನೆಗೆ ಹೋಗುವುದಿಲ್ಲ. ಹಿಂದೊಮ್ಮೆ ಹಾಗೆ ಬಿಟ್ಟ ದಿನವೇ, ಆಗ ಕೋಲು ಹಿಡಿಯುತ್ತಿದ್ದ ಬೇರೊಬ್ಬ ಮರದ ಬುಡದ ಕಾಲುವೆಗೆ ಬಿದ್ದಿದ್ದ. ಹೆಣ ಸಿಗಲಿಲ್ಲ.

ಆ ಸಂಜೆ ಮೊಳೆಯ ಮೇಲಿನ ಕೊನೆಯ ಅಳತೆಯೊಂದೇ ಬಾಕಿ ಇತ್ತು. ಮಂಜು ಇಳಿಯಿತು.

“ಇದೊಂದು ಓದಿಬಿಡು ಭಾವ,” ಎಂದ ಒಝೇಮ್.

“ನಾಳೆ ಬೆಳಗಾಗೋದ್ರೊಳಗೆ ಮೊಳೆ ಓಡಿಹೋಗುತ್ತಾ? ಒಳ್ಳೆ ಅಜ್ಜಿ ಕಣೋ ನೀನು!”

“ನಗು, ನಗು. ಅಕ್ಕ ಗಂಬೊ ಸಾರು ಮಾಡಿ ಕಾಯ್ತಿದಾಳೆ. ನೀನು ಬರದಿದ್ರೆ ಅವಳಿಗೆ ಏನು ಹೇಳ್ಲಿ?”

ಒಝೇಮ್ ಕೋಲನ್ನು ದೋಣಿಗೆ ಹಾಕಿಕೊಂಡು ಹೊಳೆಯ ಆಚೆ ದಡದ ತನ್ನ ಮನೆಗೆ ಹೋದ.

ವಾಲ್ಸಿನ್ ದುರ್ಬೀನನ್ನು ಹೆಗಲಿಗೇರಿಸಿ ಕಾಲುವೆಯ ಏರಿ ಹಿಡಿದು ಮನೆ ಕಡೆ ನಡೆದ. ನೇರ ಕಾಲುವೆ, ಒಂದೇ ದಾರಿ. ನಡೆದ... ನಡೆದ... ಎದುರಿಗೆ ಅದೇ ಓಕ್ ಮರ.

ತಿರುಗಿ ಓಡಿದ. ಎಡಕ್ಕೂ ನೀರು, ಬಲಕ್ಕೂ ನೀರು. ಮತ್ತೆ ಅದೇ ಮರ. ಅದೇ ಮೊಳೆ.

ಆಗ... ಟಕ್.

ಮೊಳೆಯ ಮೇಲೆ ಕೋಲಿನ ಹಿತ್ತಾಳೆ ಬುಡ ಇಟ್ಟ ಸದ್ದು. ದಿನವೂ ಕೇಳುವ ಸದ್ದು. ಅದರ ಹಿಂದೆಯೇ ತೊಟ್... ತೊಟ್... ನೀರು.

“ಒಝೇಮ್?”

“ಓದು.”

ಅದು ಒಝೇಮ್‌ನ ದನಿಯಲ್ಲ.

ದುರ್ಬೀನು ಹೂಡಿದ. ಟಾರ್ಚ್ ಬಿಟ್ಟ. ಕೋಲು ನೆಟ್ಟಗೆ ನಿಂತಿತ್ತು. ಹಿಡಿದ ಬೆರಳುಗಳು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬೆರಳುಗಳ ಹಿಂದೆ... ಅವನು ನೋಡಲಿಲ್ಲ. ಅಂಕಿ ಓದಿ ಕೂಗಿದ.

“ಮುಗೀತಾ?” ಎಂದಿತು ಪಿಸುದನಿ.

“ಮುಗೀತು. ನೀನಿನ್ನು ಹೋಗಪ್ಪ.”

ಬುಳಕ್. ನೀರು ಬಾಯಿ ಮುಚ್ಚಿತು. ಎದುರಿಗೆ ಅವನ ಮನೆಯ ದೀಪ ಕಂಡಿತು.

ಬೆಳಿಗ್ಗೆ ನಾನೇ ಒಝೇಮ್‌ನ ಮನೆಗೆ ಹೋದೆ. ಮನೆ ಸೇರಿದ ಮೇಲೆ ರಾತ್ರಿಯೆಲ್ಲ ಅವನು ಹೊಸ್ತಿಲು ದಾಟಿ ಹೊರಗೆ ಬಂದಿರಲಿಲ್ಲ. ಕೋಲು ಜಗಲಿಯಲ್ಲೇ ಒರಗಿತ್ತು, ಒದ್ದೆಯಾಗಿ. ಬುಡದಿಂದ ಎಂಟಡಿಯವರೆಗೆ ಕೆಸರು, ಹಸಿರು ಪಾಚಿ. ಈ ಕೈಯಿಂದಲೇ ಒರೆಸಿದ್ದೇನೆ. ಇಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ.

ಆ ಕಾಲುವೆಯ ಆಳ ಮೂರಡಿ. ಅಳೆದವರು ಆ ಭಾವ-ಭಾಮೈದರೇ.