ಹನ್ನೆರಡನೇ ಬಾಟಲಿ

ನಾಳೆಯ ಮೂವತ್ತು ಕಿಲೋಮೀಟರ್ ಅಭ್ಯಾಸದ ಓಟದಲ್ಲಿ ತಾನೇ ಕಡೆಯವಳಾಗುವುದು ಮರ್ಲಿನ್‌ಗೆ ಗೊತ್ತಿದ್ದದ್ದೇ. ತನಗಾಗಿ ಕಾದು ಕಾದು ಯಾರಾದರೂ ಬೇಸರಪಟ್ಟುಕೊಂಡಾರು ಎಂಬುದೇ ಅವಳ ಅಳುಕು. ಹಿನಕಲ್ ಬಸ್ಸಿನಲ್ಲಿ ಅವಳ ಮುಂದಿನ ಸೀಟಿಗೆ ಬಂದು ಕೂತವರು ಅದೇ ಓಟದ ಗುಂಪಿನ ಜೂಲಿ ಮತ್ತು ಸಿಂಚನ. ಕಾಲ ಬಳಿ ನೀರಿನ ಬಾಟಲಿಗಳ ಚೀಲ. ಓಡುವವರಿಗೆಂದು ಹಿಂದಿನ ದಿನವೇ ದಾರಿಯಲ್ಲಿ ನೀರು ಬಚ್ಚಿಡುವುದು ಗುಂಪಿನ ಪದ್ಧತಿ. ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.

“ಇಪ್ಪತ್ತಾರನೇ ಕಿಲೋಮೀಟರಿಂದು ಆ ಬೇವಿನ ಮರದ ಬುಡಕ್ಕೆ ಕಣೇ. ಹನ್ನೊಂದು ಇಟ್ಬುಡಣ,” ಎಂದಳು ಜೂಲಿ.

“ನಾವು ಹನ್ನೆರಡು ಜನ ಅಲ್ವೇನೇ?”

“ಆ ಮಾತಾಡದ ಹುಡುಗೀನೂ ಸೇರಿಸ್ಕೊಂಡ್ಯಾ? ಅವಳು ಇಪ್ಪತ್ತಕ್ಕೇ ಆಟೋ ಹತ್ತಿರ್ತಾಳೆ ಬುಡು.”

“ನೀನು ನೋಡಿದ್ದೀಯಾ?”

“ನೋಡೋಕೆ ಅಲ್ಲೀಗಂಟ ಯಾರು ಕಾಯ್ತಾರೆ? ಹೋದ್ವಾರನೂ ಹನ್ನೊಂದೇ ಇಟ್ಟಿದ್ದೆ. ಯಾರೂ ಕೇಳ್ಲಿಲ್ಲ.”

“ಹೆಸರೇನೇ ಅವಳದು?”

“ಯಾರಿಗ್ಗೊತ್ತು! ಏಳೇ, ಸ್ಟಾಪ್ ಬಂತು.”

ಚೀಲದ ಒಂದೊಂದು ಕಿವಿ ಹಿಡಿದು ಇಬ್ಬರೂ ನಗುತ್ತಾ ಇಳಿದರು. ಬಾಗಿಲು ಮುಚ್ಚಿ ಬಸ್ಸು ಹೊರಟ ಮೇಲೆ ಮರ್ಲಿನ್‌ಗೆ ಬಾಯಿ ಬಂತು.

“ಹೋದ ವಾರ ನಾನು ಆ ಮರದವರೆಗೂ ಓಡ್ಕೊಂಡೇ ಬಂದಿದ್ದೆ,” ಎಂದಳು, ಖಾಲಿ ಸೀಟಿಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ಹನ್ನೊಂದು ಬಾಟಲೀನೂ ಎತ್ತಿ ಎತ್ತಿ ನೋಡಿದೆ. ಒಂದರಲ್ಲೂ ನೀರಿರಲಿಲ್ಲ.”